ನಾಲ್ಕನೇ ಭೇಟಿಗೆ ಯಾರೂ ಓಡುವುದಿಲ್ಲ

ಚಾಚಾ ತೀರಿಕೊಂಡದ್ದು ಹೋದ ತಿಂಗಳು, 1997ರ ಆಗಸ್ಟ್ 20, ಬುಧವಾರ ಬೆಳಿಗ್ಗೆ. ಐದು ವರ್ಷದ ನನ್ನ ದಿನಚರಿಗಳಲ್ಲಿ ಅವರ ವಿಷಯ ಬಂದಿರುವ ಪುಟಗಳನ್ನು ಎಣಿಸಿದೆ. ಇನ್ನೂರ ಹನ್ನೆರಡು. ಅಮ್ಮನ ವಿಷಯ ಬಂದಿರುವುದಕ್ಕಿಂತ ಹೆಚ್ಚು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಆ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅವರ ಮನೆಯಲ್ಲಿ ಉರ್ದು, ನಮ್ಮ ಮನೆಯಲ್ಲಿ ತೆಲುಗು ಬೆರೆತ ಕನ್ನಡ. ಎರಡೂ ಕಡೆಯವರಿಗೆ ಅವರು ಚಾಚಾ. ಅವರಿಗೂ ನನಗೂ ಮಾತ್ರ ಗೊತ್ತಿದ್ದ ಒಂದು ಸಂಗತಿ ಇತ್ತು. ಈಗ ಅದು ನನಗೊಬ್ಬಳಿಗೇ ಗೊತ್ತು. ಆ ಬುಧವಾರದಿಂದ ನನಗಿರುವ ಹೆದರಿಕೆ ಅದರದು.

ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವುದು ಅವರ ಕೆಲಸ. 1991ರಲ್ಲಿ ಗಂಟಲ ಕ್ಯಾನ್ಸರ್ ಎಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಆಮೇಲೆ ಉಸಿರಾಟ ಕತ್ತಿನ ಬುಡದಲ್ಲಿ ಮಾಡಿದ ತೂತಿನಿಂದ. ಮಾತು ಒಂದು ಯಂತ್ರದಿಂದ. ಸಣ್ಣ ಟಾರ್ಚಿನಷ್ಟಿದ್ದ ಆ ಉಕ್ಕಿನ ಕೊಳವೆಯನ್ನು ಗದ್ದದ ಕೆಳಗೆ ಒತ್ತಿ ಗುಂಡಿ ಅದುಮಿದರೆ ಅದು ಗುಂಯ್ ಎನ್ನುತ್ತಿತ್ತು. ಅವರು ತುಟಿ, ನಾಲಿಗೆ ಆಡಿಸಿದಂತೆ ಆ ಗುಂಯ್ ಮಾತಾಗುತ್ತಿತ್ತು. ಏರಿಳಿತವಿಲ್ಲದ, ಸಿಟ್ಟೂ ಇಲ್ಲದ ನಗುವೂ ಇಲ್ಲದ ಒಂದೇ ಧ್ವನಿ. ನಗು ಬಂದರೆ ಭುಜ ಮಾತ್ರ ಕುಣಿಯುತ್ತಿತ್ತು, ಸದ್ದು ಇರುತ್ತಿರಲಿಲ್ಲ. ಕೆಮ್ಮು ಕತ್ತಿನಿಂದ ಬರುತ್ತಿತ್ತು.

ನಾನು ಅದನ್ನು ಮೊದಲು ಕೇಳಿದ್ದು ಗೋಡೆಯ ಆಚೆಯಿಂದ. ಅವರು ಪಕ್ಕದ ಮನೆಗೆ ಬಂದು ಎರಡು ದಿನವಾಗಿತ್ತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನಗೆ, ಹಾಳಾದ ರೇಡಿಯೋ ಒಂದು ಉರ್ದುವಿನಲ್ಲಿ ‘ಉಪ್ಪು ಜಾಸ್ತಿಯಾಗಿದೆ’ ಎಂದಂತಾಯಿತು. ಕೈಯಲ್ಲಿದ್ದ ತಪ್ಪಲೆ ಬಿಟ್ಟು ಒಳಗೆ ಓಡಿದೆ. ಹದಿನೆಂಟು ವರ್ಷದ ಹುಡುಗಿ ಹೀಗೆ ಓಡಿದ್ದಕ್ಕೆ ಅಮ್ಮ ಬೈದಳು. ಚಾಚಾ ಆ ಸದ್ದು ಕೇಳಿಸಿಕೊಂಡಿದ್ದರಂತೆ. ಎಷ್ಟೋ ತಿಂಗಳ ಮೇಲೆ, ತಪ್ಪಲೆ ಸೊಟ್ಟಗಾಯಿತಾ ಎಂದು ಕೇಳಿದರು. ಸೊಟ್ಟಗಾಗಿತ್ತು. ತರಿಸಿಕೊಂಡು ಬಡಿದು ಸರಿಮಾಡಿ ಕೊಟ್ಟರು.

ಧ್ವನಿಯ ಜೊತೆ ವಾಸನೆ ಹಿಡಿಯುವ ಶಕ್ತಿಯೂ ಹೋಗಿತ್ತು. ಮೂಗಿನಿಂದ ಗಾಳಿ ಆಡುವುದಿಲ್ಲವಲ್ಲ. ಗೂಡಿನೊಳಗೆ ಬೆಂದ ರೇಷ್ಮೆಹುಳುವಿನ ವಾಸನೆಗೆ ಹೊರಗಿನಿಂದ ಬಂದವರು ಬಸ್ ಸ್ಟ್ಯಾಂಡಿನಲ್ಲೇ ಕರವಸ್ತ್ರ ತೆಗೆಯುತ್ತಾರೆ. “ಈ ಊರಲ್ಲಿ ಸುಖವಾಗಿರೋ ಮೂಗು ನಂದೊಂದೇ” ಎನ್ನುತ್ತಿದ್ದರು.

ಅವರ ಎದುರು ಜನ ಹೇಗಿರುತ್ತಿದ್ದರು ಎಂಬುದನ್ನೂ ಬರೆದಿಟ್ಟಿದ್ದೇನೆ. ಕೆಲವರು ಅವರಿಗೆ ಕಿವಿ ಕೇಳುವುದಿಲ್ಲವೆಂಬಂತೆ ಕೂಗಿ ಮಾತಾಡುತ್ತಿದ್ದರು. ಕೆಲವರು ಅವರು ಕೇಳಿದ ಪ್ರಶ್ನೆಗೆ ಪಕ್ಕದಲ್ಲಿದ್ದ ನನಗೆ ಉತ್ತರ ಹೇಳುತ್ತಿದ್ದರು. ದಿನಸಿ ಅಂಗಡಿಯವನು ಅವರು ಬಾಯಿ ತೆರೆಯುವ ಮೊದಲೇ ಬ್ಯಾಟರಿ ಎತ್ತಿ ಮುಂದಿಡುತ್ತಿದ್ದ. ಅವರಿಗೆ ಬೇಕಾಗಿದ್ದು ತೊಗರಿಬೇಳೆ. ಒಮ್ಮೆ ಎಸ್‌ಟಿಡಿ ಬೂತಿನಿಂದ ಚಿಂತಾಮಣಿಯಲ್ಲಿದ್ದ ಮಗಳಿಗೆ ಫೋನ್ ಮಾಡಿದರು. ಎತ್ತಿದವನು ಅಳಿಯ. ಲೈನ್ ಕೆಟ್ಟಿದೆ ಎಂದು ಇಟ್ಟುಬಿಟ್ಟ. ಮೂರು ಸಲ ಹಾಗೇ ಆಯಿತು. ಕೊನೆಗೆ ನನ್ನ ಕೈಗೆ ರಿಸೀವರ್ ಕೊಟ್ಟು, ಹಬ್ಬಕ್ಕೆ ಬರುತ್ತೇನೆಂದು ಹೇಳು ಎಂದರು. ಹೇಳಿದೆ.

ಆಟ ಶುರುವಾದದ್ದು 1993ರ ಜೂನ್ 6, ಭಾನುವಾರ. ಅವರ ತಂಗಿಯ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಯಲ್ಲಿ ಬಂದವನು ಹಾಸ್ಟೆಲಿನಲ್ಲಿ ಕೈ ಬದಲಾಗುತ್ತಿದ್ದ ಯಾವುದೋ ವಿದೇಶಿ ಆಟದ ಜೆರಾಕ್ಸ್ ಪ್ರತಿ ತಂದಿದ್ದ. ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು. ಮುಂದೆ ಯಾವಾಗಲೋ ಬರುವ ಕಾಲ. ಅಲ್ಲಿನ ಜನ ಮೈಗೆ ಯಂತ್ರ ಹಾಕಿಸಿಕೊಂಡಿರುತ್ತಾರೆ: ಕಬ್ಬಿಣದ ಕೈ, ಗಾಜಿನ ಕಣ್ಣು. ಕಥೆ ನಡೆಸಲು ಚಾಚಾನೇ ಕೂತರು. ಪುಸ್ತಕದ ಊರುಗಳನ್ನೆಲ್ಲ ಬಿಸಾಕಿ, ಇನ್ನೂರು ವರ್ಷ ಕಳೆದ ಮೇಲಿನ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಮಾಡಿದರು. ಹುಳುಗಳು ಗೂಡು ಕಟ್ಟಲು ಬಿಡುವ ಬಿದಿರಿನ ಹಳೇ ಚಂದ್ರಿಕೆಯೊಂದನ್ನು ಎರಡು ಡಬ್ಬಗಳ ಮೇಲೆ ಮಲಗಿಸಿದರು. ಅದರ ಸುತ್ತುಸುತ್ತಿನ ಓಣಿಗಳೇ ರಸ್ತೆ, ಹುಣಸೆಬೀಜಗಳೇ ನಾವು. ಆಡುವವರು ನಾನು, ನನ್ನ ತಮ್ಮ, ಊರಿಗೆ ಬಂದಾಗಲೆಲ್ಲ ಆ ತಂಗಿಯ ಮಗ. ಲೆಕ್ಕ ಬರೆಯುವ ಕೆಲಸ ನನ್ನದು.

ದಾಳದ ಬದಲು ಟವಲು. ಚಾಚಾ ಅವರ ತಾತ ದನದ ವ್ಯಾಪಾರಿ. ಸಂತೆಯಲ್ಲಿ ಟವಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಮಾತಿಲ್ಲದೆ ವ್ಯಾಪಾರ ಮುಗಿಸುತ್ತಿದ್ದರಂತೆ. ನಮ್ಮ ಆಟದಲ್ಲೂ ಹಾಗೇ. ಟವಲಿನ ಕೆಳಗೆ ಆಡುವವರದೊಂದು ಕೈ, ಚಾಚಾ ಅವರದೊಂದು ಕೈ. ಇಬ್ಬರೂ ಒಂದೇ ಸಲಕ್ಕೆ ಒಂದರಿಂದ ಐದು ಬೆರಳು ತೋರಿಸಬೇಕು. ಎರಡನ್ನೂ ಕೂಡಿದ ಮೊತ್ತವೇ ತೀರ್ಮಾನ. ಗೆಲ್ಲಲೆಂದು ಸದಾ ಐದೇ ತೋರಿಸುವಂತಿಲ್ಲ, ಯೋಚಿಸದೆ ಬಂದಷ್ಟು ಬೆರಳು ತೋರಿಸಬೇಕು.

ನನ್ನ ತಮ್ಮ ಮೊದಲ ದಿನವೇ ಕಬ್ಬಿಣದ ಕೈ ಹಾಕಿಸಿಕೊಂಡ. ಬಾಗಿಲು ಮುರಿಯಬಹುದು, ಗಾಡಿ ಎತ್ತಬಹುದು. ಮುಂದಿನ ವಾರ ಗೌರಿಬಿದನೂರಿನ ಒಂದು ಹೋಟೆಲಿನಲ್ಲಿ ಆ ಕೈಯವನು ನೀರು ಕೇಳಿದ. ಚಾಚಾ ಹೋಟೆಲಿನವಳಾದರು. ಅದೇ ಗುಂಯ್ ಧ್ವನಿಯಲ್ಲಿ, ನನ್ನ ಕಡೆ ತಿರುಗಿ, “ಅವನಿಗೆ ಏನ್ ಬೇಕಂತಮ್ಮ?” ಎಂದರು.

“ಕೇಳಿದ್ದು ನಾನಲ್ವಾ? ಇವಳನ್ಯಾಕೆ ಕೇಳ್ತಾಳೆ?” ಎಂದ ತಮ್ಮ.

“ನಿನ್ನ ಕೈ ಮಾತಾಡಿದ್ರೆ ಅಂತ ಹೆದರ್ಕೊಂಡಿದಾಳೆ.”

ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಆ ಹೋಟೆಲಿನವಳು, ಚಾಚಾ ಕೇಳಿದ್ದಕ್ಕೆ ನನಗೆ ಉತ್ತರ ಹೇಳುತ್ತಿದ್ದವರಲ್ಲಿ ಒಬ್ಬಳು ಎಂದು ಗೊತ್ತಾಗಿತ್ತು. ಮುಂದಿನ ಭಾನುವಾರಗಳಲ್ಲಿ ಒಬ್ಬೊಬ್ಬರೇ ಬಂದರು. ಕೂಗಿ ಮಾತಾಡುವ ಸುಂಕದವನು, ಮಗುವನ್ನು ಸೆರಗಿನೊಳಗೆ ಎಳೆದುಕೊಳ್ಳುವ ತಾಯಿ, ಕೈಯನ್ನು ಮುಟ್ಟಿ ನೋಡಲಾ ಎಂದು ಕೇಳಿ ಮುಟ್ಟಿದ ಮೇಲೆ ಬೆರಳು ಒರೆಸಿಕೊಳ್ಳುವ ಯಜಮಾನ. ಎಲ್ಲರಿಗೂ ಒಂದೇ ಧ್ವನಿ. ಒಂದು ದಿನ ತಪ್ಪಲೆ ಬಿಟ್ಟು ಓಡುವ ಹುಡುಗಿಯೂ ಬರುತ್ತಾಳೆಂದು ಎಷ್ಟೋ ವಾರ ಹೆದರಿಕೊಂಡಿದ್ದೆ. ಅವಳನ್ನು ಮಾತ್ರ ಅವರು ಯಾವತ್ತೂ ತರಲಿಲ್ಲ.

ಅವರು ಮಾಡಿದ ನಿಯಮ ಹೀಗಿತ್ತು. ಮೈಮೇಲಿನ ಯಂತ್ರ ಎದುರಿನವರಿಗೆ ಕಾಣುವಂತಿದ್ದರೆ, ಮೊದಲ ಭೇಟಿಯಲ್ಲಿ ಬೆರಳ ಮೊತ್ತ ಕನಿಷ್ಠ ಎಂಟಾಗಬೇಕು. ಇಲ್ಲದಿದ್ದರೆ ಅವರು ಓಡುತ್ತಾರೆ, ಅಥವಾ ಬಾಗಿಲು ಹಾಕುತ್ತಾರೆ. ಅದೇ ಮನುಷ್ಯನ ಎರಡನೇ ಭೇಟಿಗೆ ಏಳು ಸಾಕು, ಮೂರನೆಯದಕ್ಕೆ ಆರು, ನಾಲ್ಕನೆಯದಕ್ಕೆ ಐದು. ಯಂತ್ರವನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಹತ್ತು. ಗಾಜಿನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದ ತಂಗಿಯ ಮಗ ಎರಡು ಊರುಗಳಿಂದ ಓಡಿಬರಬೇಕಾಯಿತು. ಇಷ್ಟು ಕಟ್ಟುನಿಟ್ಟು ಯಾಕೆ ಮಾಮೂ ಎಂದು ಅವನು ಗೊಣಗಿದಾಗ, ನಾನು ನೋಡಿದ್ದನ್ನೇ ಹಾಕುತ್ತೇನೆ, ಇಲ್ಲದ್ದನ್ನು ಹಾಕುವುದಿಲ್ಲ ಎಂದರು. ಸ್ವತಃ ಅವರೂ ಎಂದೂ ಕತ್ತಿಗೆ ಮಫ್ಲರ್ ಸುತ್ತಿದವರಲ್ಲ. ತೂತಿನ ಮೇಲೆ ಒಂದು ತೆಳು ಬಿಳಿ ಬಟ್ಟೆ, ಅಷ್ಟೇ.

ಈಗ ಅಪ್ಪನ ವಿಷಯ. ಅಪ್ಪ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದರು. ಸಾಲಾಗಿಟ್ಟ ಗೂಡಿನ ರಾಶಿಗಳ ನಡುವೆ ನಡೆಯುತ್ತ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂಗುವ ಕೆಲಸ. 1995ರ ಮಾರ್ಚಿನಲ್ಲಿ ಗಂಟಲು ಒಡೆಯಿತು. ಗೂಡಿನ ಧೂಳು ಎಂದುಕೊಂಡೆವು. ಆರು ತಿಂಗಳಾದರೂ ಸರಿಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಡಾಕ್ಟರು ಚಾಚಾಗೆ ಹೇಳಿದ್ದನ್ನೇ ಹೇಳಿದರು. ತೆಗೆಸಿದರೆ ಬದುಕಬಹುದು, ಬಿಟ್ಟರೆ ಒಂದು ವರ್ಷ ಕಷ್ಟ.

ಅಪ್ಪ ಆಗುವುದಿಲ್ಲ ಎಂದರು. ಅಮ್ಮ ಅತ್ತಳು, ತಮ್ಮ ಊಟ ಬಿಟ್ಟ. ಅಪ್ಪ ಜಗ್ಗಲಿಲ್ಲ. “ಆ ಮಿಷನ್ ಇಟ್ಕೊಂಡು ಮಾರ್ಕೆಟ್ಟಿಗೆ ಹೋದ್ರೆ ಜನ ಗೂಡು ಬಿಟ್ಟು ನನ್ನನ್ನೇ ನೋಡ್ತಾರೆ. ಮಕ್ಕಳು ಕಿರುಚ್ತಾವೆ. ನೋಡಿದೀನಲ್ಲ ಅವರನ್ನ” ಎಂದರು. ಪಕ್ಕದ ಗೋಡೆಗೆ ಕೇಳಿಸಬಾರದೆಂದು ಆ ಒಡಕು ಗಂಟಲನ್ನು ಇನ್ನಷ್ಟು ತಗ್ಗಿಸಿ ಹೇಳಿದ್ದರು.

ಅದಾದ ಮೂರು ವಾರ ನಾನು ನಿದ್ದೆ ಮಾಡಿದ ಗಂಟೆಗಳನ್ನೂ ಬರೆದಿಟ್ಟಿದ್ದೇನೆ. ಬೇರೆ ಏನು ಮಾಡಬೇಕೆಂದು ತೋಚದೆ, ಅಪ್ಪನನ್ನು ಆಟಕ್ಕೆ ಕರೆದೊಯ್ದೆ. ಅಕ್ಟೋಬರ್ 15, ಭಾನುವಾರ. ಟವಲಿನ ಕೆಳಗೆ ಕೈ ಇಡಲಿಲ್ಲ, ಗೋಡೆಗೆ ಒರಗಿ ಕೂತು ನೋಡಿದರು. ಮುಂದಿನ ಭಾನುವಾರ ನಾನು ಕರೆಯದೆಯೇ ಬಂದರು. ಆ ದಿನ ತಮ್ಮನ ಕಬ್ಬಿಣದ ಕೈಯವನು ಮುದ್ದೇನಹಳ್ಳಿಯ ಒಂದು ಮನೆಗೆ ನಾಲ್ಕನೇ ಸಲ ಹೋಗಿದ್ದ. ಮೊದಲ ಮೂರು ಸಲವೂ ಅಡಗಿಕೊಂಡಿದ್ದ ಮಗು ಈ ಸಲ ಹೊರಗೆ ಬಂದು, ಆ ಕೈಯ ಹೆಬ್ಬೆರಳು ಹಿಡಿದುಕೊಂಡಿತು.

ಮನೆಗೆ ಬಂದ ಮೇಲೆ ಅಪ್ಪ ಕೇಳಿದರು: “ಯಾವಾಗ್ಲೂ ಹೀಗೇ ಆಗುತ್ತಾ? ನಾಲ್ಕನೇ ಸಲಕ್ಕೆ?”

ನನ್ನ ಲೆಕ್ಕದ ಪುಸ್ತಕ ತೆಗೆದು ಪುಟ ತಿರುವಿದೆ. ನಾಲ್ಕನೇ ಭೇಟಿಗಳು ಎರಡು ವರ್ಷದಲ್ಲಿ ಮೂವತ್ತೇಳು. ಒಬ್ಬರೂ ಓಡಿರಲಿಲ್ಲ. ಅಪ್ಪ ಎದ್ದು ಪಕ್ಕದ ಮನೆಗೆ ಹೋದರು. ನಾನು ಹಿಂದೆಯೇ ಹೋದೆ.

“ಇವಳ ಪುಸ್ತಕದಲ್ಲಿ ಇರೋದು ನಿಜಾನಾ ಚಾಚಾ? ನೀವು ಕಂಡದ್ದೇನಾ ಇದು?”

ಚಾಚಾ ಯಂತ್ರವನ್ನು ಕತ್ತಿಗೆ ಒತ್ತಲಿಲ್ಲ. ಹೌದೆಂದು ತಲೆಯಾಡಿಸಿದರು. ಅಪ್ಪ ಮಾರನೇ ದಿನ ಆಪರೇಷನ್ನಿಗೆ ಒಪ್ಪಿದರು. ನವೆಂಬರ್ 9, ಗುರುವಾರಕ್ಕೆ ದಿನ ಗೊತ್ತಾಯಿತು.

ಆಸ್ಪತ್ರೆಗೆ ಕೊಂಡುಹೋಗಲು ಆ ಲೆಕ್ಕವನ್ನು ದೊಡ್ಡಕ್ಷರದಲ್ಲಿ ಬರೆದುಕೊಡು ಎಂದು ಅಪ್ಪ ಕೇಳಿದ್ದರು. ನವೆಂಬರ್ 5ರ ಬೆಳಿಗ್ಗೆ ಬರೆಯಲು ಕೂತೆ. ಮೊದಲ ಭೇಟಿಯ ಸಾಲಿನಲ್ಲಿ ಗೆಲುವು ಕಡಿಮೆ, ಸೋಲು ಹೆಚ್ಚು. ಎರಡು, ಮೂರರಲ್ಲಿ ಎರಡೂ ಬೆರೆತಿದ್ದವು. ನಾಲ್ಕರಲ್ಲಿ ಸೋಲೇ ಇಲ್ಲ. ಕೈ ಅಲ್ಲೇ ನಿಂತಿತು. ಐದು ಆಗಬೇಕೆಂದರೂ ಒಂದು ಮತ್ತು ಒಂದು ಬೀಳಬಹುದು, ಎರಡು ಮತ್ತು ಎರಡು ಬೀಳಬಹುದು. ಇಪ್ಪತ್ತೈದು ಜೋಡಿಗಳಲ್ಲಿ ಆರು ಸೋಲುತ್ತವೆ. ಮೂವತ್ತೇಳು ಸಲ ಆಡಿದರೆ ಸುಮಾರು ಒಂಬತ್ತು ಸಲ ಯಾರಾದರೂ ಓಡಿರಬೇಕಿತ್ತು. ಬಿ.ಕಾಂ.ನಲ್ಲಿ ಇದನ್ನು ಓದಿ ಪಾಸಾದವಳು ಎರಡು ವರ್ಷ ಬರೆಯುತ್ತ ಹೋದೆನೇ ಹೊರತು ನೋಡಲಿಲ್ಲ.

ಆ ಮಧ್ಯಾಹ್ನದ ಆಟದಲ್ಲಿ ಬೇಕೆಂದೇ ಪರೀಕ್ಷೆ ಮಾಡಿದೆ. ನಾಲ್ಕನೇ ಭೇಟಿ ಬಂದಾಗಲೆಲ್ಲ ತಮ್ಮನ ಬದಲು ನಾನೇ ಕೈಯಿಟ್ಟು ಒಂದೇ ಬೆರಳು ತೋರಿಸಿದೆ. ಮೂರು ಸಲ. ಟವಲಿನ ಕೆಳಗೆ ಚಾಚಾ ಅವರ ಕೈ ಮುಷ್ಟಿಯಾಗಿಯೇ ಬಂದು, ನನ್ನ ಒಂಟಿ ಬೆರಳನ್ನು ಸೋಕಿ, ಒಂದು ಉಸಿರಿನಷ್ಟು ತಡೆದು ತೆರೆದುಕೊಳ್ಳುತ್ತಿತ್ತು. ನಾಲ್ಕು. ನಾಲ್ಕು. ಐದು.

ಮಿಕ್ಕವರು ಹೋದ ಮೇಲೆ ನಾನು ಏಳಲಿಲ್ಲ. ಅವರು ಹುಣಸೆಬೀಜಗಳನ್ನು ಡಬ್ಬಕ್ಕೆ ತುಂಬುತ್ತಿದ್ದರು.

“ನೀವು ಬೆರಳು ನೋಡ್ಕೊಂಡು ತೋರಿಸ್ತೀರಿ ಚಾಚಾ.”

ಬೀಜ ತುಂಬುವುದು ನಿಂತಿತು. ಯಂತ್ರ ಮೇಲೆ ಬಂತು. “ಹೂಂ.”

“ನಮ್ಮಪ್ಪನಿಗೋಸ್ಕರಾನಾ?”

“ಅಲ್ಲ ಬೇಟಿ. ಮೊದಲಿಂದಾನೂ.” ಆ ಯಂತ್ರದಲ್ಲಿ ಉದ್ದದ ಮಾತು ಕಷ್ಟ. ತುಂಡು ತುಂಡಾಗಿ ಹೇಳಿದರು. “ಚಿಂತಾಮಣೀಲಿ ಮೊಮ್ಮಗಳು ಇದಾಳೆ. ಐದು ವರ್ಷದವಳು. ನಲವತ್ತು ಸಲ ಹೋಗಿರ್ಬೇಕು. ಇನ್ನೂ ಹತ್ರ ಬರಲ್ಲ. ಪರದೆ ಹಿಂದೆ ನಿಂತ್ಕೋತಾಳೆ. ಇಲ್ಲಾದ್ರೂ ಬರ್ಲಿ ಅಂತ.”

ಹೋಟೆಲಿನವಳು, ಸುಂಕದವನು, ಬೆರಳು ಒರೆಸಿಕೊಂಡ ಯಜಮಾನ, ಅವರೆಲ್ಲ ಅವರು ಕಂಡ ಜನ. ನಾಲ್ಕನೇ ಭೇಟಿ ಮಾತ್ರ ಅವರು ಕಂಡಿರಲಿಲ್ಲ. ಹಾಗಾದರೆ ಅಪ್ಪನಿಗೆ ಏನು ಹೇಳಲಿ ಎಂದು ಕೇಳಿದೆ.

“ಗುರುವಾರ ಆಗ್ಲಿ. ಬದುಕ್ಲಿ ಮೊದಲು. ಆಮೇಲೆ ನಾನೇ ಹೇಳ್ತೀನಿ.”

ಮಂಗಳವಾರ ಬಸ್ಸಿನಲ್ಲಿ ಕೂತಾಗ ಅಪ್ಪ ಜೇಬಿನಿಂದ ಆ ಕಾಗದ ತೆಗೆದರು. ಬಸ್ಸು ಕುಲುಕುತ್ತದೆ, ಅಕ್ಷರ ನಿಲ್ಲುತ್ತಿಲ್ಲ, ನೀನೇ ಓದಮ್ಮ ಎಂದರು. ಚಿಕ್ಕಬಳ್ಳಾಪುರ ದಾಟಿತ್ತು, ಕಿಟಕಿಯಲ್ಲಿ ನಂದಿಯ ದ್ರಾಕ್ಷಿ ಚಪ್ಪರಗಳು ಹಿಂದೆ ಸರಿಯುತ್ತಿದ್ದವು. ಪೂರ್ತಿ ಓದಿದೆ. ನಾಲ್ಕನೇ ಸಾಲನ್ನು ಎರಡು ಸಲ ಓದಿಸಿಕೊಂಡರು. ಹೇಳಿಬಿಡಬೇಕು ಎಂದು ಎಷ್ಟು ಸಲ ಬಾಯಿ ತೆರೆದೆನೋ, ಅದೊಂದನ್ನು ಮಾತ್ರ ಎಣಿಸಿಲ್ಲ. ಹೇಳಿದರೆ ಅಪ್ಪ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾರೆ ಎಂಬ ಭಯ. ಹೇಳದಿದ್ದರೆ, ಗುರುವಾರ ಆದ ಮೇಲೆ ಹಿಂದಕ್ಕೆ ತರಲಾಗದ್ದು ಹೋಗಿಬಿಡುತ್ತದೆ ಎಂಬ ಭಯ. ಅಪ್ಪ ಕಾಗದವನ್ನು ಮಡಿಸಿ ಒಳಜೇಬಿಗೆ ಇಟ್ಟುಕೊಂಡರು.

ಆಪರೇಷನ್ ಸರಿಯಾಗಿ ಆಯಿತು. ಹನ್ನೆರಡನೇ ದಿನ ಚಾಚಾ ವಾರ್ಡಿಗೆ ಬಂದರು. ಅಪ್ಪನಿಗೂ ಅದೇ ಬಗೆಯ ಯಂತ್ರ. ಎಲ್ಲಿ ಒತ್ತಬೇಕು, ಉಸಿರು ಹೇಗೆ ಬಿಡಬೇಕು ಎಂದು ಅವರು ಮೂರು ಗಂಟೆ ಕಲಿಸಿದರು. ಪಕ್ಕದ ಹಾಸಿಗೆಯವರು ತಮ್ಮ ರೋಗ ಮರೆತು ಇವರನ್ನೇ ನೋಡುತ್ತಿದ್ದರು. ಸಂಜೆಗೆ ಅಪ್ಪ ಮೊದಲ ಮಾತು ಆಡಿದರು. ನನ್ನ ಹೆಸರು. ಅದು ಅಪ್ಪನ ಧ್ವನಿಯಾಗಿರಲಿಲ್ಲ. ಚಾಚಾ ಅವರ ಧ್ವನಿ.

ಮಾರುಕಟ್ಟೆಯಲ್ಲಿ ಅಪ್ಪನಿಗೆ ಚೀಟಿ ಬರೆಯುವ ಕೆಲಸ ಕೊಟ್ಟರು. ದಿನಾ ಸಂಜೆ ಬಂದು ಲೆಕ್ಕ ಒಪ್ಪಿಸುತ್ತಿದ್ದರು: ಟೀ ಅಂಗಡಿಯವನು ಎರಡನೇ ಸಲಕ್ಕೇ ಸರಿಹೋದ, ಕೆಂಚಾರ್ಲಹಳ್ಳಿಯ ರೈತನೊಬ್ಬ ಮೂರನೇ ಸಲಕ್ಕೆ ಹೆಗಲ ಮೇಲೆ ಕೈ ಹಾಕಿದ. ನಾನು ಬರೆದುಕೊಳ್ಳಬೇಕು. ಒಬ್ಬ ದಲ್ಲಾಳಿ ಒಂಬತ್ತನೇ ಸಲವೂ ಮುಖ ತಿರುಗಿಸಿ ಹೋದಾಗ ಅಪ್ಪ, “ಅವನು ದೂರದಿಂದ ನೋಡಿದ್ದೆಲ್ಲ ಭೇಟಿ ಅಲ್ಲಮ್ಮ. ಹತ್ರದಿಂದ ಎರಡೇ ಆಗಿರೋದು. ತಿದ್ದು” ಎಂದರು. ತಿದ್ದಿದೆ.

ಯಾವಾಗ ಹೇಳುತ್ತೀರಿ ಎಂದು ನಾನು ಚಾಚಾ ಅವರನ್ನು ಏಳು ಸಲ ಕೇಳಿದ್ದೇನೆ. ಪ್ರತಿ ಸಲವೂ, ಮುಂದಿನ ವಾರ. ಕೊನೆಯ ಸಲ ಕೇಳಿದ್ದು ಈ ವರ್ಷದ ಜುಲೈಯಲ್ಲಿ. ಅವರಿಗೆ ಆಗಲೇ ಏಳಲು ಆಗುತ್ತಿರಲಿಲ್ಲ. ಯಂತ್ರ ಎತ್ತದೆ, ತುಟಿಯಲ್ಲೇ ಏನೋ ಹೇಳಿದರು. ನನಗೆ ಓದಲಾಗಲಿಲ್ಲ.

ಚಾಚಾ ತೀರಿಕೊಂಡ ಮೂರನೇ ದಿನ, ಶುಕ್ರವಾರ, ಅಪ್ಪ ಮತ್ತು ನಾನು ಅವರ ಮನೆಗೆ ಹೋದೆವು. ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ ಕೂತು ಕುರಾನ್ ಓದುತ್ತಿದ್ದರು. ಅಪ್ಪ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಯಂತ್ರವನ್ನು ಗದ್ದಕ್ಕೆ ಒತ್ತಿ, “ಒಳಗೆ ಬರಬಹುದಾ?” ಎಂದರು.

ಓದು ಒಮ್ಮೆಲೇ ನಿಂತಿತು. ಚಾಚಾ ಕರೆದಾಗಲೆಲ್ಲ ಬಂದೆ ಎನ್ನುತ್ತಿದ್ದ ಹಾಗೆಯೇ ಒಳಗಿನಿಂದ ಚಾಚಿಯ ಧ್ವನಿ, “ಆಯೀ ಜೀ, ಆಯೀ” ಎಂದು ಅವಸರದಲ್ಲಿ ಎದ್ದ ಸದ್ದಿನೊಡನೆ ಬಂತು. ಎರಡು ಹೆಜ್ಜೆಯ ಮೇಲೆ ಅದೂ ನಿಂತಿತು. ಪರದೆ ಸರಿಯಿತು. ಅಲ್ಲಿ ನಿಂತಿದ್ದದ್ದು ಚಾಚಿಯಲ್ಲ, ಏಳು ವರ್ಷದ ಒಂದು ಹುಡುಗಿ. ಚಿಂತಾಮಣಿಯಿಂದ ಬಂದ ಮೊಮ್ಮಗಳು. ಅಪ್ಪನ ಕೈಯನ್ನು, ಅವರ ಕತ್ತನ್ನು ನೋಡಿದಳು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ತಿರುಗಿ ಓಡಿದಳು. ಒಳಗೆ ಏನೋ ಲೋಹದ್ದು ಬಿದ್ದು ಉರುಳಿದ ಸದ್ದು ಕೇಳಿಸಿತು.

ನಾವು ಹೆಚ್ಚು ಹೊತ್ತು ಕೂರಲಿಲ್ಲ. ನಮ್ಮ ಬಾಗಿಲಿಗೆ ಬಂದ ಮೇಲೆ ಅಪ್ಪ ಯಂತ್ರ ಎತ್ತಿದರು.

“ಆ ಮಗು ಚಾಚಾ ಮೊಮ್ಮಗಳಾ?”

ಹೌದೆಂದೆ.

“ಪಾಪ, ಹೆದರ್ಕೊಳ್ತು. ಒಂದು ಅಂತ ಬರ್ಕೋ. ಚಾಚಾ ನಲವತ್ತನೇ ದಿನದ ಕಾರ್ಯದವರೆಗೂ ಇಲ್ಲೇ ಇರ್ತಾಳೆ. ಇನ್ನು ಮೂರು ಸಲ ಹೋಗಿ ಬಂದ್ರಾಯ್ತು.”

ನಾನು ಬರೆದುಕೊಂಡೆ. ಆಗಸ್ಟ್ 22. ಮೊಮ್ಮಗಳು. ಒಂದು. ಇವತ್ತು ಸೆಪ್ಟೆಂಬರ್ 7, ಭಾನುವಾರ. ಈಗ ಮೂರು. ಅಪ್ಪ ಮುಂದಿನ ಭಾನುವಾರಕ್ಕೆಂದು ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದಾರೆ.